ಕೀಲು ನೀರಿನ ಹರಳು: ಕಾಣದಿದ್ದಾಗ, ತಪ್ಪಾಗಿ ಕಂಡಾಗ ಎಲ್ಲೆಲ್ಲಿ ಹುಡುಕಬೇಕು

ಮಂಡಿ ಊದಿಕೊಂಡು ಬಂದವರಿಗೆ ನಮ್ಮ ಕಡೆ ಮೊದಲು ಸಿಗುವ ಹೆಸರು ‘ವಾತ’. ಆ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಯೂರಿಕ್ ಆಸಿಡ್‌ನಿಂದ ಆಗುವ ಯೂರೇಟ್ ಹರಳು ಕೂತು ಬರುವ ಗೌಟ್ ಒಂದು. ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳಿನಿಂದ ಬರುವ ಕೀಲೂತ, ಅಂದರೆ ಸಿಪಿಪಿಡಿ, ಇನ್ನೊಂದು. ಕೀಲಿನೊಳಗೆ ಸೋಂಕಾಗಿ ಕೀವು ತುಂಬುವುದು ಮತ್ತೊಂದು. ಮೂರರಲ್ಲೂ ಮಂಡಿ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಹೊದಿಕೆ ತಗುಲಿದರೂ ಸಹಿಸಲಾಗದಷ್ಟು ನೋವು. ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ. ಗೌಟ್‌ಗೆ ವರ್ಷಗಟ್ಟಲೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಬೇಕು. ಸಿಪಿಪಿಡಿ ಹರಳನ್ನು ಕರಗಿಸುವ ಮಾತ್ರೆ ಇಲ್ಲ, ಊತ ನೋವು ಇಳಿಸಬೇಕು ಅಷ್ಟೆ. ಸೋಂಕಾಗಿದ್ದರೆ ಒಂದೊಂದು ದಿನ ತಡವಾದಷ್ಟೂ ಕೀಲು ಹಾಳಾಗುತ್ತದೆ.

ರಕ್ತದ ಯೂರಿಕ್ ಆಸಿಡ್ ನೋಡಿದರೆ ಸಾಲದು. ಗೌಟ್ ನೋವು ಜೋರಾಗಿರುವಾಗಲೇ ಅದು ನಾರ್ಮಲ್ ಬರುವುದುಂಟು. ಅದು ಜಾಸ್ತಿ ಇರುವ ಎಷ್ಟೋ ಜನರಿಗೆ ಗೌಟ್ ಬರುವುದೇ ಇಲ್ಲ. ಕೊನೆಗೆ ತೀರ್ಮಾನ ಮಾಡುವುದು ಕೀಲಿನಿಂದ ತೆಗೆದ ಒಂದು ಹನಿ ನೀರು. ಆ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಲ್ಯಾಬಿನವರಾದ ನಮ್ಮದು.

ಕೆಲವು ವರ್ಷಗಳ ಹಿಂದೆ ನಾನು ಒಂದು ತಪ್ಪು ರಿಪೋರ್ಟ್ ಕೊಟ್ಟೆ. ಐವತ್ತು ದಾಟಿದ ಹೆಂಗಸು, ಮಂಡಿ ನೀರು ಬಂದಿತ್ತು. ಸ್ಲೈಡ್ ತುಂಬ ಹೊಳೆಯುವ ಕಡ್ಡಿಗಳು. ‘ಯೂರೇಟ್ ಹರಳು ಇದೆ’ ಎಂದು ಬರೆದುಬಿಟ್ಟೆ. ಎರಡು ದಿನ ಬಿಟ್ಟು ವೈದ್ಯರು ಫೋನ್ ಮಾಡಿದರು. ಹದಿನೈದು ದಿನದ ಹಿಂದೆ ಬೇರೆ ಕಡೆ ಅದೇ ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರಂತೆ. ಫಾರಂನಲ್ಲಿ ಅದನ್ನು ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಸ್ಲೈಡನ್ನು ಮತ್ತೆ ತೆಗೆದು ನೋಡಿದೆ. ಕಂಡಿದ್ದು ಔಷಧಿಯ ಹರಳು. ಆಮೇಲಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹರಳಿಗೆ ಹೆಸರಿಡುವ ಮೊದಲು ಸೂಜಿಯಿಂದ ಕಣ್ಣಿನವರೆಗಿನ ದಾರಿಯನ್ನು ಪೂರ್ತಿ ಒಮ್ಮೆ ತಪಾಸಣೆ ಮಾಡುವುದು. ಟ್ಯೂಬ್, ಗಾಜು, ಬೆಳಕು, ದಿಕ್ಕು. ತಪ್ಪು ಹೆಚ್ಚಾಗಿ ಈ ನಾಲ್ಕರಲ್ಲೇ ಇರುತ್ತದೆ.

ಸರಿಯಾಗಿದ್ದರೆ ಹೇಗೆ ಕಾಣಬೇಕು

1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲಾಂಡರ್ ಗೌಟ್ ರೋಗಿಗಳ ಕೀಲು ನೀರನ್ನು ಪೋಲರೈಸ್ಡ್ ಬೆಳಕಿನಲ್ಲಿ, ಅಂದರೆ ಫಿಲ್ಟರ್ ಹಾಕಿ ಒಂದೇ ದಿಕ್ಕಿಗೆ ಕಂಪಿಸುವಂತೆ ಮಾಡಿದ ಬೆಳಕಿನಲ್ಲಿ, ನೋಡಿ ಯೂರೇಟ್ ಹರಳನ್ನು ಗುರುತಿಸಿದರು. ಮಾರನೇ ವರ್ಷವೇ ಮೆಕಾರ್ಟಿಯವರ ತಂಡ ಇನ್ನೊಂದು ವಿಷಯ ಹೇಳಿತು. ನೋಡಲು ಗೌಟ್ ತರಹವೇ ಇದ್ದ ಕೆಲವರ ಕೀಲಿನಲ್ಲಿ ಇದ್ದದ್ದು ಯೂರೇಟ್ ಅಲ್ಲ, ಕ್ಯಾಲ್ಸಿಯಂ ಪೈರೋಫಾಸ್ಫೇಟ್. ಇವತ್ತಿಗೂ ನಾವು ಮಾಡುವುದು ಹೆಚ್ಚುಕಡಿಮೆ ಅದೇ ಪರೀಕ್ಷೆ.

ಯೂರೇಟ್ ಹರಳು ಹೊಲಿಗೆ ಸೂಜಿಯ ಹಾಗೆ ಇರುತ್ತದೆ. ತೆಳ್ಳಗೆ, ಎರಡೂ ತುದಿ ಚೂಪು, ಜೋರು ಹೊಳಪು. ಎಷ್ಟೋ ಸಲ ಬಿಳಿರಕ್ತಕಣಕ್ಕಿಂತ ಉದ್ದವಾಗಿದ್ದು, ಕಣದ ಆಚೆ ಈಚೆ ಚುಚ್ಚಿಕೊಂಡು ಹೊರಬಂದ ಹಾಗೆ ಕಾಣುತ್ತದೆ. ಸಿಪಿಪಿಡಿ ಹರಳು ಗಿಡ್ಡ. ಚಿಕ್ಕ ಇಟ್ಟಿಗೆಯ ಹಾಗೆ, ಓರೆ ಮಾಡಿದ ಚೌಕದ ಹಾಗೆ, ಕೆಲವೊಮ್ಮೆ ಮೊಂಡು ಕಡ್ಡಿಯ ಹಾಗೆ. ಹೊಳಪು ಬಹಳ ಮಂಕು.

ಹರಳಿಗೆ ಬಣ್ಣ ಬರಿಸುವ ಪಾರದರ್ಶಕ ಫಲಕಕ್ಕೆ ರೆಡ್ ಪ್ಲೇಟ್ ಅನ್ನುತ್ತಾರೆ. ಅದನ್ನು ಹಾಕಿದಾಗ ಹಿನ್ನೆಲೆ ಕೆನ್ನೇರಳೆಗೆ ತಿರುಗುತ್ತದೆ. ಯಾವ ದಿಕ್ಕಿಗೆ ಕಂಪಿಸುವ ಬೆಳಕು ಪ್ಲೇಟಿನಲ್ಲಿ ನಿಧಾನವಾಗುತ್ತದೋ ಆ ದಿಕ್ಕೇ ಅದರ ನಿಧಾನ ಅಕ್ಷ. ಪ್ಲೇಟಿನ ನಿಧಾನ ಅಕ್ಷದ ಉದ್ದಕ್ಕೆ ಮಲಗಿದ ಯೂರೇಟ್ ಹಳದಿ, ಅದಕ್ಕೆ ಅಡ್ಡ ಮಲಗಿದ್ದು ನೀಲಿ. ಸಿಪಿಪಿಡಿಗೆ ಇದು ಪೂರ್ತಿ ತಿರುಗುಮುರುಗು: ಉದ್ದಕ್ಕೆ ನೀಲಿ, ಅಡ್ಡಕ್ಕೆ ಹಳದಿ. ನನ್ನ ವಿದ್ಯಾರ್ಥಿಗಳಿಗೆ ‘ಉದ್ದಕ್ಕೆ ಹಳದಿ ಯೂರೇಟ್’ ಎಂಬ ಮೂರೇ ಪದ ಹೇಳಿಕೊಡುತ್ತೇನೆ. ಒಂದು ನೆನಪಿದ್ದರೆ ಉಳಿದದ್ದು ತಾನಾಗಿ ಬರುತ್ತದೆ.

ತೊಂದರೆ: ಹಿನ್ನೆಲೆ ಕಪ್ಪಾಗುತ್ತಿಲ್ಲ

ರೆಡ್ ಪ್ಲೇಟ್ ಇನ್ನೂ ಹಾಕಬೇಡಿ. ಖಾಲಿ ಸ್ಲೈಡ್ ಇಟ್ಟು ಕೆಳಗಿನ ಪೋಲರೈಸರ್ ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಫೀಲ್ಡ್, ಅಂದರೆ ಐಪೀಸಿನಲ್ಲಿ ಕಾಣುವ ಜಾಗ, ಪೂರ್ತಿ ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಎರಡು ಫಿಲ್ಟರ್ ಸರಿಯಾಗಿ ಅಡ್ಡ ಬಂದಿಲ್ಲ, ಇಲ್ಲವೇ ಯಾವುದೋ ಒಂದು ಫಿಲ್ಟರ್ ಬಿಸಿಲು ಬಿಸಿಗೆ ಹಾಳಾಗಿದೆ. ಪ್ಲಾಸ್ಟಿಕ್ ಕವರ್‌ಸ್ಲಿಪ್ ಬಳಸಿದ್ದೀರಾ ನೋಡಿ. ಪ್ಲಾಸ್ಟಿಕ್ ತಾನೇ ಹೊಳೆಯುತ್ತದೆ. ಗಾಜೇ ಬೇಕು. ಒಂದು ಆಬ್ಜೆಕ್ಟಿವ್‌ನಲ್ಲಿ ಮಾತ್ರ ಹೀಗಾದರೆ ದೋಷ ಆ ಆಬ್ಜೆಕ್ಟಿವ್‌ನ ಗಾಜಿನಲ್ಲೇ ಇದೆ. ಇನ್ನೊಂದು ಹಾಕಿ ನೋಡಿ.

ತೊಂದರೆ: ಬಣ್ಣ ಉಲ್ಟಾ ಬರುತ್ತಿದೆ

ಆಕಾರ ನೋಡಿದರೆ ಸೂಜಿ, ಬಣ್ಣ ನೋಡಿದರೆ ಸಿಪಿಪಿಡಿ. ಹೀಗಾದಾಗ ಹರಳಿನ ಮೇಲೆ ಸಂಶಯ ಪಡುವ ಮೊದಲು ಬಾಣದ ಗುರುತಿನ ಮೇಲೆ ಸಂಶಯ ಪಡಿ.

ನಿಧಾನ ಅಕ್ಷ ಯಾವ ಕಡೆ ಎಂದು ರೆಡ್ ಪ್ಲೇಟಿನ ಮೇಲೆ ಗುರುತಿರುತ್ತದೆ. ಬಾಣ ಇರಬಹುದು, ಗಾಮಾ ಅಕ್ಷರ ಇರಬಹುದು. ಹಳೇ ಸೂಕ್ಷ್ಮದರ್ಶಕಗಳಲ್ಲಿ ಆ ಗುರುತು ಅಳಿಸಿಹೋಗಿರುತ್ತದೆ. ಸರ್ವಿಸ್‌ಗೆ ಬಂದವರು ಪ್ಲೇಟನ್ನು ತೆಗೆದು ತಿರುವಿ ಹಾಕಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದೇ ಪರಿಹಾರ, ಖಾತ್ರಿಯಿರುವ ಯೂರೇಟ್ ಸ್ಲೈಡ್ ಒಂದನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳುವುದು. ಹಳೇ ಗೌಟ್ ರೋಗಿಗಳ ಕಿವಿಯ ಮೇಲೆ, ಬೆರಳ ಗಂಟಿನಲ್ಲಿ ಸುಣ್ಣದಂಥ ಬಿಳಿ ಗಂಟು ಎದ್ದಿರುತ್ತದೆ, ಅಲ್ವಾ? ಟೋಫಸ್ ಅನ್ನುತ್ತಾರೆ. ವೈದ್ಯರು ಅದರಿಂದ ತೆಗೆದ ಚೂರು ಬಿಳಿ ಪುಡಿ ಸಿಕ್ಕರೆ ಗಾಜಿನ ಮೇಲೆ ಸವರಿ ಒಣಗಿಸಿ ಇಡಿ. ವರ್ಷಗಟ್ಟಲೆ ಕೆಡುವುದಿಲ್ಲ. ಬೆಳಿಗ್ಗೆ ಸೂಕ್ಷ್ಮದರ್ಶಕ ಹಾಕಿದ ತಕ್ಷಣ ಮೊದಲು ಅದನ್ನು ನೋಡಿ. ಸೂಜಿ ಹಳದಿಯಾಗುವ ದಿಕ್ಕು ಯಾವುದೋ ಅದೇ ನಿಮ್ಮ ನಿಧಾನ ಅಕ್ಷ. ಸ್ಟೇಜಿನ ಅಂಚಿಗೆ ಒಂದು ಸ್ಟಿಕ್ಕರ್ ಅಂಟಿಸಿ ಆ ದಿಕ್ಕನ್ನು ಬರೆದಿಡಿ.

ಎರಡನೇ ತಪ್ಪು ಇನ್ನೂ ಸಾಮಾನ್ಯ. ಪ್ಲೇಟಿನ ಅಕ್ಷ ಫೀಲ್ಡಿನಲ್ಲಿ ಓರೆಯಾಗಿ ಹೋಗುತ್ತದೆ, ಮೂಲೆಯಿಂದ ಮೂಲೆಗೆ. ಹಾಗಾಗಿ ಫೀಲ್ಡಿನಲ್ಲಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಿಂತ ಅಥವಾ ಎಡದಿಂದ ಬಲಕ್ಕೆ ಮಲಗಿದ ಹರಳಿಗೆ ಬಣ್ಣವೇ ಬರುವುದಿಲ್ಲ. ಹಿನ್ನೆಲೆಯ ಕೆನ್ನೇರಳೆಯಲ್ಲೇ ಕರಗಿಹೋಗುತ್ತದೆ. ಅಕ್ಷದ ಜೊತೆ ಸಮವಾಗಿ ಇಲ್ಲವೇ ಅದಕ್ಕೆ ನೇರ ಅಡ್ಡವಾಗಿ ಇರುವ ಹರಳುಗಳನ್ನು ಮಾತ್ರ ನೋಡಿ ತೀರ್ಮಾನ ಮಾಡಿ. ತಿರುಗುವ ಸ್ಟೇಜ್ ಇದ್ದರೆ ಒಂದೇ ಹರಳನ್ನು ಕಾಲು ಸುತ್ತು ತಿರುಗಿಸಿ. ಹಳದಿ ಹೋಗಿ ನೀಲಿ ಬರಬೇಕು. ಸ್ಟೇಜ್ ತಿರುಗದಿದ್ದರೆ ಒಂದಕ್ಕೊಂದು ಅಡ್ಡ ಬಿದ್ದ ಎರಡು ಹರಳು ಹುಡುಕಿ. ಒಂದು ಹಳದಿ, ಒಂದು ನೀಲಿ ಇದ್ದರೆ ಸರಿ.

ಮೂರನೆಯದು ಮೊಬೈಲ್ ಫೋಟೋ. ಹಿರಿಯರ ಅಭಿಪ್ರಾಯ ಕೇಳಲು ಐಪೀಸಿನ ಮೇಲೆ ಫೋನ್ ಹಿಡಿದು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇವೆ. ಫೋನ್ ಅಡ್ಡ ಹಿಡಿದಿದ್ದರೆ ಚಿತ್ರ ಕಾಲು ಸುತ್ತು ತಿರುಗಿರುತ್ತದೆ. ಬಣ್ಣ ಹಾಗೇ ಇರುತ್ತದೆ, ದಿಕ್ಕು ಬದಲಾಗಿರುತ್ತದೆ. ಅಕ್ಷದ ಉದ್ದಕ್ಕಿದ್ದ ಹಳದಿ ಸೂಜಿ ನೋಡುವವರಿಗೆ ಅಡ್ಡಕ್ಕಿದ್ದ ಹಾಗೆ ಕಾಣುತ್ತದೆ. ಗೌಟ್ ಹೋಗಿ ಸಿಪಿಪಿಡಿ ಆಗುತ್ತದೆ! ಫೋಟೋ ಕಳಿಸುವಾಗ ಅದರ ಮೇಲೇ ಬಾಣ ಎಳೆದು ಕಳಿಸಿ. ಫೋಟೋ ನೋಡುವವರೂ ಬಾಣ ಇಲ್ಲದಿದ್ದರೆ ಅಭಿಪ್ರಾಯ ಹೇಳಬಾರದು ಎಂದೇ ನನ್ನ ಮಾತು.

ತೊಂದರೆ: ಸ್ಲೈಡ್ ತುಂಬ ಏನೇನೋ ಹೊಳೆಯುತ್ತಿದೆ

ಮೊದಲು ಟ್ಯೂಬ್ ಕೇಳಿ. ಕೀಲು ನೀರನ್ನು ಯಾವ ಟ್ಯೂಬಿಗೆ ಹಾಕಿದರು? ಹೆಪ್ಪುಗಟ್ಟದಿರಲಿ ಎಂದು ಟ್ಯೂಬಿನಲ್ಲಿ ಹಾಕಿರುವ ಲಿಥಿಯಂ ಹೆಪಾರಿನ್ ತಾನೇ ಹರಳಾಗುತ್ತದೆ. ಅದೇ ಕೆಲಸದ ಪುಡಿ ಇಡಿಟಿಎ ಕೂಡ ಹರಳಾಗಿ ಉಳಿಯುತ್ತದೆ. ಶುಗರ್ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಆಕ್ಸಲೇಟ್ ಇದ್ದರೆ ಅದು ಕೀಲು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಹೊಸ ಹರಳನ್ನೇ ಹುಟ್ಟಿಸುತ್ತದೆ. ಸೋಡಿಯಂ ಹೆಪಾರಿನ್ ಆಗಬಹುದು, ದ್ರವ ರೂಪದ ಇಡಿಟಿಎ ಆಗಬಹುದು. ಏನೂ ಹಾಕದೆ ಸಿರಿಂಜಿನಿಂದ ನೇರವಾಗಿ ಸ್ಲೈಡಿಗೆ ಒಂದು ಹನಿ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು.

ಆಮೇಲೆ ಕೈಗವಸು. ಪುಡಿ ಹಾಕಿದ ಗ್ಲೌಸ್ ಹಾಕಿಕೊಂಡು ಸ್ಲೈಡ್ ಮುಟ್ಟಿದರೆ ಪಿಷ್ಟದ ಕಣಗಳು ಉದುರುತ್ತವೆ. ಅವು ದುಂಡಗೆ ಇದ್ದು ಒಳಗೆ ಶಿಲುಬೆಯ ಆಕಾರದ ಹೊಳಪು ತೋರಿಸುತ್ತವೆ. ಒಮ್ಮೆ ನೋಡಿದರೆ ಮತ್ತೆ ಮೋಸ ಹೋಗುವುದಿಲ್ಲ. ಕೊಬ್ಬಿನ ಸಣ್ಣ ಗುಂಡುಗಳೂ ಹೀಗೇ ಶಿಲುಬೆ ತೋರಿಸುತ್ತವೆ, ಅದನ್ನೂ ನೆನಪಿಡಿ.

ಹತ್ತಿಯ ಎಳೆ, ಟಿಶ್ಯೂ ಪೇಪರಿನ ನಾರು, ಗಾಜಿನ ಗೀರು, ದೂಳು ಇವೆಲ್ಲ ಹೊಳೆಯುತ್ತವೆ. ಹರಳು ನೀರಿನೊಳಗೆ ಇರಬೇಕು. ಕವರ್‌ಸ್ಲಿಪ್‌ನ ಅಂಚನ್ನು ಮೆಲ್ಲಗೆ ಒತ್ತಿ, ನೀರು ಹರಿದಾಗ ನಿಜವಾದ ಹರಳೂ ಹೊರಳುತ್ತದೆ. ಗೀರು ಅಲ್ಲಾಡುವುದಿಲ್ಲ. ಅಂಚಿನಲ್ಲಿ ನೀರು ಒಣಗಿ ಉಪ್ಪು ಕಟ್ಟಿರುತ್ತದೆ, ಅಲ್ಲಿ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸ್ಲೈಡ್ ಕವರ್‌ಸ್ಲಿಪ್ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿಯೇ ಬಳಸಿ. ಇದಿಷ್ಟು ಮಾಡಿದರೇ ಅರ್ಧ ಗಲಾಟೆ ನಿಲ್ಲುತ್ತದೆ.

ಇನ್ನು ಸ್ಟಿರಾಯ್ಡ್. ಟ್ರಯಾಮ್ಸಿನೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್ ತರಹದ ಡಿಪೋ ಇಂಜೆಕ್ಷನ್‌ಗಳು ಹರಳಿನ ರೂಪದಲ್ಲೇ ಇರುತ್ತವೆ. ಕೀಲಿನೊಳಗೆ ವಾರಗಟ್ಟಲೆ ಉಳಿಯುತ್ತವೆ. ಹೊಳಪು ಯೂರೇಟ್‌ನಷ್ಟೇ ಜೋರು, ಬಿಳಿರಕ್ತಕಣದ ಒಳಗೂ ಸೇರಿರುತ್ತವೆ. ನನ್ನ ಆ ಸ್ಲೈಡನ್ನು ಎರಡನೇ ಸಲ ನೋಡಿದಾಗ ಕಂಡದ್ದೇನು ಗೊತ್ತಾ? ತುದಿಗಳು ಚೂಪಾಗಿರಲಿಲ್ಲ, ಮುರಿದ ಹಾಗಿದ್ದವು. ಒಂದರ ಹಾಗೆ ಇನ್ನೊಂದಿರಲಿಲ್ಲ, ಚೂರು, ಮುದ್ದೆ, ಕಡ್ಡಿ ಎಲ್ಲ ಕಲಸಿತ್ತು. ಮುಖ್ಯವಾಗಿ, ಒಂದೇ ದಿಕ್ಕಿಗೆ ಮಲಗಿದ್ದ ಕಡ್ಡಿಗಳಲ್ಲಿ ಕೆಲವು ಹಳದಿ, ಕೆಲವು ನೀಲಿ. ಮೊದಲ ಸಲ ನಾನು ಹಳದಿಯನ್ನು ಮಾತ್ರ ಎಣಿಸಿದ್ದೆ. ಈಗ ಫಾರಂ ಕೈಗೆ ಬಂದ ಕೂಡಲೇ ‘ಈ ಕೀಲಿಗೆ ಮೊದಲು ಇಂಜೆಕ್ಷನ್ ಆಗಿದೆಯಾ?’ ಎಂದು ಕೇಳುತ್ತೇನೆ. ರೋಗಿಗೆ ಗೊತ್ತಿರದಿದ್ದರೆ ಮನೆಯವರನ್ನು ಕೇಳುತ್ತೇನೆ.

ತೊಂದರೆ: ಗೌಟ್ ಅಂತಲೇ ಅನ್ನಿಸುತ್ತದೆ, ಹರಳು ಮಾತ್ರ ಕಾಣುತ್ತಿಲ್ಲ

ಎಷ್ಟು ಹೊತ್ತು ನೋಡಿದಿರಿ? ಎರಡು ನಿಮಿಷಕ್ಕೆ ‘ಇಲ್ಲ’ ಎಂದು ಬರೆಯಬೇಡಿ. ಹರಳು ಕಡಿಮೆ ಇರುವ ನೀರಿನಲ್ಲಿ ಹತ್ತು ನಿಮಿಷವಾದರೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಹೊಲ ಉಳುವ ಹಾಗೆ, ಸಾಲು ಬಿಡದೆ ನೋಡಬೇಕು. ನೀರು ಸ್ವಲ್ಪ ಜಾಸ್ತಿ ಇದ್ದರೆ ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಕೂತದ್ದನ್ನು ನೋಡಿ. ಬಿಳಿ ಚುಕ್ಕೆ ತೇಲುತ್ತಿದ್ದರೆ ಅದನ್ನೇ ಸ್ಲೈಡಿಗೆ ತೆಗೆದುಕೊಳ್ಳಿ, ಹರಳು ಅಲ್ಲೇ ಗುಂಪಾಗಿ ಸಿಗುತ್ತದೆ.

‘ನೀರೇ ಬರಲಿಲ್ಲ’ ಎಂದು ಖಾಲಿ ಸಿರಿಂಜ್ ಬಿಸಾಡುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಸೂಜಿಯ ಬುಡದಲ್ಲಿ ಒಂದು ಹನಿ ಸಿಕ್ಕಿಕೊಂಡಿರುತ್ತದೆ. ಸಿರಿಂಜಿಗೆ ಗಾಳಿ ಎಳೆದುಕೊಂಡು ಸ್ಲೈಡಿನ ಮೇಲೆ ಊದಿ. ಕಾಲಿನ ಹೆಬ್ಬೆರಳ ಕೀಲಿನಿಂದ ಬರುವುದೇ ಅಷ್ಟು. ರೋಗಿ ಅಷ್ಟು ನೋವು ತಿಂದು ಕೊಟ್ಟ ಹನಿ ಅದು.

ಎಷ್ಟು ಹೊತ್ತಾಯಿತು ಎನ್ನುವುದೂ ಮುಖ್ಯ. ಯೂರೇಟ್ ಗಟ್ಟಿ ಕುಳ, ಮಾರನೇ ದಿನವೂ ಸಿಗುತ್ತದೆ. ಸಿಪಿಪಿಡಿ ಹಾಗಲ್ಲ, ಇಟ್ಟಷ್ಟೂ ಕಡಿಮೆಯಾಗುತ್ತದೆ. ಬಿಳಿರಕ್ತಕಣಗಳೂ ಒಡೆದು ಎಣಿಕೆ ಇಳಿಯುತ್ತದೆ. ತೆಗೆದ ಕೆಲವೇ ಗಂಟೆಯೊಳಗೆ ಹಸಿ ಸ್ಲೈಡ್ ನೋಡಿ. ಆಗದಿದ್ದರೆ ಫ್ರಿಡ್ಜಿನಲ್ಲಿಡಿ. ಆದರೆ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಬೇಕಾದ ಪಾಲನ್ನು ಮೊದಲೇ ಬೇರೆ ಮಾಡಿರಬೇಕು.

ಈಗ ಎಲ್ಲಕ್ಕಿಂತ ಜಾಸ್ತಿ ನಡೆಯುವ ತಪ್ಪಿಗೆ ಬರುತ್ತೇನೆ. ನಾವು ಹೊಳಪನ್ನು ಹುಡುಕುತ್ತೇವೆ. ಸಿಪಿಪಿಡಿ ಹರಳುಗಳಲ್ಲಿ ಬಹಳಷ್ಟು ಹೊಳೆಯುವುದೇ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಅರವತ್ತು ದಾಟಿದವರು, ಮಂಡಿ ಅಥವಾ ಮಣಿಕಟ್ಟು ಊದಿದೆ, ಎಕ್ಸ್‌ರೇಯಲ್ಲಿ ಕೀಲಿನ ಮೃದ್ವಸ್ಥಿಯ ಮೇಲೆ ಬಿಳಿ ಗೆರೆ ಇದೆ. ಇಂಥವರ ನೀರು ಬಂದಾಗ ಪೋಲರೈಸರ್ ತೆಗೆದುಬಿಡಿ. ಸಾಮಾನ್ಯ ಬೆಳಕಿನಲ್ಲಿ, ಕಂಡೆನ್ಸರ್ ಇಳಿಸಿ, ಬೆಳಕು ಕಮ್ಮಿ ಮಾಡಿ, 40ರ ಆಬ್ಜೆಕ್ಟಿವ್‌ನಲ್ಲಿ ಬಿಳಿರಕ್ತಕಣಗಳ ಒಳಗೆ ನೋಡಿ. ಕಣದೊಳಗೆ ಸಣ್ಣ ಗುಳಿಯಲ್ಲಿ ಕೂತ ಪುಟ್ಟ ಇಟ್ಟಿಗೆ ಕಾಣುತ್ತದೆ. ಬಣ್ಣವಿಲ್ಲದ ವಸ್ತುವನ್ನೂ ಎದ್ದು ತೋರಿಸುವ ಫೇಸ್ ಕಾಂಟ್ರಾಸ್ಟ್ ವ್ಯವಸ್ಥೆ ಇದ್ದರೆ ಇನ್ನೂ ಸುಲಭ. ಆಕಾರ ಸಿಕ್ಕಿದ ಮೇಲೆ ಪೋಲರೈಸರ್ ಹಾಕಿ. ಬಣ್ಣ ಮಂಕಾಗಿ ಬಂದರೂ ಸರಿ, ಬರದಿದ್ದರೂ ಆ ಆಕಾರವನ್ನು ತಳ್ಳಿಹಾಕಬೇಡಿ. ನಾನು ಈಗ ಪ್ರತಿ ಸ್ಲೈಡನ್ನೂ ಎರಡು ಸಲ ನೋಡುತ್ತೇನೆ, ಮೊದಲು ಸಾಮಾನ್ಯ ಬೆಳಕು, ಆಮೇಲೆ ಪೋಲರೈಸ್ಡ್.

ಅಪಟೈಟ್ ಎಂಬ ಇನ್ನೊಂದು ಕ್ಯಾಲ್ಸಿಯಂ ಹರಳು ಮಾತ್ರ ಈ ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಕಾಣುವುದಿಲ್ಲ, ಅಷ್ಟು ಚಿಕ್ಕದು. ಅಲಿಝರಿನ್ ರೆಡ್ ಬಣ್ಣ ಹಾಕಿದರೆ ಅದರ ಮುದ್ದೆ ಕೆಂಪಾಗಿ ಕಾಣುತ್ತದೆ. ಆದರೆ ಆ ಬಣ್ಣ ಬೇರೆ ಕ್ಯಾಲ್ಸಿಯಂ ಹರಳುಗಳಿಗೂ ಹತ್ತುತ್ತದೆ.

ಟೋಫಸ್ ಚೂರನ್ನು ಬಯಾಪ್ಸಿಗೆ ಕಳಿಸುವವರಿಗೆ ಒಂದು ಮಾತು. ಫಾರ್ಮಲಿನ್‌ನಲ್ಲಿ ಹಾಕಿದರೆ ಯೂರೇಟ್ ಕರಗಿಹೋಗುತ್ತದೆ. ಸೆಕ್ಷನ್‌ನಲ್ಲಿ ಹರಳಿದ್ದ ಖಾಲಿ ಜಾಗ ಮಾತ್ರ ಉಳಿಯುತ್ತದೆ. ಅಬ್ಸಲ್ಯೂಟ್ ಆಲ್ಕೋಹಾಲ್‌ನಲ್ಲಿ ಕಳಿಸಿ.

ತೊಂದರೆ: ಹರಳು ಸಿಕ್ಕಿತು, ಆದರೆ ರೋಗಿಯ ಜ್ವರ ಇಳಿಯುತ್ತಿಲ್ಲ

ಹರಳು ಇದ್ದ ಮಾತ್ರಕ್ಕೆ ಸೋಂಕು ಇಲ್ಲ ಎಂದಲ್ಲ. ಎರಡೂ ಒಟ್ಟಿಗೆ ಇರಬಹುದು. ಇದನ್ನು ಮರೆತರೆ ಕೀಲು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಬರೀ ಕಣ್ಣಿಗೆ ಕಾಣುವ ಬಣ್ಣವನ್ನು ನಂಬುವ ಹಾಗಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಹಾಗೆ. ಯೂರೇಟ್ ತುಂಬಿದ ನೀರು ಸುಣ್ಣ ಕಲಸಿದ ಹಾಗೆ ಬೆಳ್ಳಗಿರುತ್ತದೆ, ಕೀವೂ ಬೆಳ್ಳಗೇ ಇರುತ್ತದೆ. ಬಿಳಿರಕ್ತಕಣದ ಎಣಿಕೆ ಒಂದು ಮೈಕ್ರೋಲೀಟರ್ ನೀರಿನಲ್ಲಿ 50,000 ದಾಟಿದರೆ ಸೋಂಕಿನ ಸಂಶಯ ಬಲವಾಗುತ್ತದೆ. ಆದರೆ ಗೌಟ್‌ನಲ್ಲೂ ಅಷ್ಟು ಏರಬಹುದು, ಸೋಂಕಿನ ಶುರುವಿನಲ್ಲಿ ಅಷ್ಟು ಏರದೆಯೂ ಇರಬಹುದು. ಅದಕ್ಕೇ ರೋಗಾಣುವಿಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್ ಮತ್ತು ಕಲ್ಚರ್ ಬಿಡಬಾರದು. ಹರಳು ಮೊದಲೇ ಕಂಡಿದ್ದರೂ ಸರಿ, ಮಾಡಲೇಬೇಕು. ನೀರು ಎರಡೇ ಹನಿ ಬಂದಿದ್ದರೆ ಒಂದು ಕಲ್ಚರ್‌ಗೆ, ಒಂದು ಸ್ಲೈಡಿಗೆ. ಉಳಿದ ಪರೀಕ್ಷೆಗಳು ಆಮೇಲೆ.

ಪೋಲರೈಸಿಂಗ್ ಸೂಕ್ಷ್ಮದರ್ಶಕವೇ ಇಲ್ಲದಿದ್ದರೆ

ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲಿ ಇದೇ ದೊಡ್ಡ ತೊಂದರೆ. ಆದರೂ ಕೈಕಟ್ಟಿ ಕೂರಬೇಕಾಗಿಲ್ಲ. ಆಕಾರ ಮಾತ್ರ ನೋಡಿಯೂ ಎಷ್ಟೋ ಹೇಳಬಹುದು. ಬೇಕಾದ್ದು ಎರಡು ತುಂಡು ಪೋಲರೈಸಿಂಗ್ ಫಿಲ್ಮ್. ಹಾಳಾದ ಕ್ಯಾಲ್ಕುಲೇಟರ್ ಪರದೆಯ ಮೇಲೂ ಅದು ಇರುತ್ತದೆ. ಒಂದನ್ನು ಬೆಳಕಿನ ಮೇಲೆ ಇಡಿ, ಇನ್ನೊಂದನ್ನು ಸ್ಲೈಡಿಗೂ ಕಣ್ಣಿಗೂ ಮಧ್ಯೆ, ಐಪೀಸಿನ ಮೇಲೆ ಇಟ್ಟರೂ ಸಾಕು. ಒಂದನ್ನು ತಿರುಗಿಸಿದಾಗ ಫೀಲ್ಡ್ ಕಪ್ಪಾಗಬೇಕು.

ರೆಡ್ ಪ್ಲೇಟಿನ ಬದಲು ಪಾರದರ್ಶಕ ಸೆಲ್ಲೋ ಟೇಪ್. ಖಾಲಿ ಸ್ಲೈಡಿಗೆ ಟೇಪ್ ಅಂಟಿಸಿ, ಕೆಳಗಿನ ಫಿಲ್ಮಿನ ಮೇಲೆ ಓರೆಯಾಗಿ ಇಡಿ. ಎಲ್ಲ ಟೇಪೂ ಒಂದೇ ತರಹ ಇರುವುದಿಲ್ಲ. ಹಿನ್ನೆಲೆ ಕೆನ್ನೇರಳೆ ಬರುವವರೆಗೆ ಒಂದು ಪದರ, ಎರಡು ಪದರ ಎಂದು ಹಾಕಿ ನೋಡಬೇಕು, ಬರದಿದ್ದರೆ ಬೇರೆ ಟೇಪ್ ತರಬೇಕು. ಟೇಪಿನ ನಿಧಾನ ಅಕ್ಷ ಯಾವ ಕಡೆ ಎಂದು ಊಹೆ ಮಾಡಬೇಡಿ. ಮೊದಲು ಹೇಳಿದ ಯೂರೇಟ್ ಸ್ಲೈಡ್ ಇಟ್ಟು ಕಂಡುಕೊಳ್ಳಿ. ಆ ಸ್ಲೈಡ್ ಸಿಗುವವರೆಗೆ ‘ಸೂಜಿಯಾಕಾರದ, ಹೊಳೆಯುವ ಹರಳು ಇದೆ’ ಎಂದಷ್ಟೇ ಬರೆಯಿರಿ, ಬಣ್ಣದ ಮಾತು ಬೇಡ.

ರಿಪೋರ್ಟ್ ಬರೆಯುವಾಗ

‘ಪಾಸಿಟಿವ್’, ‘ನೆಗೆಟಿವ್’ ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಹರಳಿನ ಆಕಾರ, ಹೊಳಪು ಜೋರೋ ಮಂಕೋ, ಅಕ್ಷದ ಉದ್ದಕ್ಕೆ ಯಾವ ಬಣ್ಣ, ಕಣದ ಒಳಗೋ ಹೊರಗೋ, ಇಷ್ಟನ್ನು ಬರೆಯಿರಿ. ಕಾಣದಿದ್ದರೆ ಎಷ್ಟು ನೀರು ಬಂದಿತ್ತು, ತೆಗೆದು ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಸೇರಿಸಿ. ಒಂದೇ ಹನಿಯಲ್ಲಿ ಸಿಗದ ಹರಳು ಮುಂದಿನ ಸಲ ತೆಗೆದ ನೀರಿನಲ್ಲಿ ಸಿಗಬಹುದು. ನೋವು ಇಳಿದ ಮೇಲೂ ಗೌಟ್ ಕೀಲಿನಲ್ಲಿ ಯೂರೇಟ್ ಉಳಿದಿರುತ್ತದೆ, ಆಗಲೂ ತೆಗೆದು ನೋಡಬಹುದು ಎಂದು ವೈದ್ಯರಿಗೆ ತಿಳಿಸಿ.

ಸಂಶಯ ಉಳಿದ ಸ್ಲೈಡನ್ನು ತೊಳೆಯಬೇಡಿ. ಕವರ್‌ಸ್ಲಿಪ್‌ನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ದಿನಾಂಕ ಬರೆದು ಎತ್ತಿಡಿ. ಮಾರನೇ ದಿನ ಬೆಳಿಗ್ಗೆ, ಟೋಫಸ್ ಸ್ಲೈಡ್ ನೋಡಿ ದಿಕ್ಕು ಖಚಿತ ಮಾಡಿಕೊಂಡ ಮೇಲೆ, ಮೊದಲು ಅದನ್ನೇ ಮತ್ತೆ ಇಟ್ಟು ನೋಡಿ.